ಮಣ್ಣಿನ ಉಸಿರನ್ನು ಸುಣ್ಣದ ತಿಳಿಯಲ್ಲಿ ನೋಡುವುದು ಹೇಗೆ?

ಮಣ್ಣಿನೊಳಗಿನ ಬೇರುಗಳು, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಒಟ್ಟಾಗಿ ಮಣ್ಣಿನ ಉಸಿರಾಟ ಎನ್ನುತ್ತಾರೆ. ಶಾಖ ಏರಿದಂತೆ ಇದು ಹೆಚ್ಚುತ್ತದೆ ಎಂದು ಪಠ್ಯಗಳಲ್ಲಿ ಓದುತ್ತೇವೆ. ಆದರೆ ಏಪ್ರಿಲ್ ಬಿಸಿಲಿಗೆ ಕಾದು ಬಿರುಕು ಬಿಟ್ಟ ಹೊಲ ಹೆಚ್ಚುಕಡಿಮೆ ಉಸಿರು ಹಿಡಿದೇ ಕುಳಿತಿರುತ್ತದೆ. ಈ ವಿರೋಧಾಭಾಸವನ್ನು ಎಲೆ ಅಡಿಕೆಯ ಸುಣ್ಣ ಮತ್ತು ಆರು ಬಾಟಲಿಗಳಿಂದ ಮನೆಯಲ್ಲೇ ಪರೀಕ್ಷಿಸಬಹುದು.

ಮೊದಲು ಒಂದು ಲೀಟರ್ ನೀರಿಗೆ ಎರಡು ಚಮಚ ಸುಣ್ಣ ಕದಡಿ, ಮುಚ್ಚಿಟ್ಟು, ಮರುದಿನ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಹೊಲದ ಅಥವಾ ಕೈತೋಟದ ಮೇಲ್ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಬೇರು ಕಲ್ಲುಗಳನ್ನು ಜರಡಿಯಲ್ಲಿ ತೆಗೆಯಿರಿ.

ಮುಂದಿನ ಕೆಲಸ ಮಣ್ಣು ಎಷ್ಟು ನೀರು ಹಿಡಿಯುತ್ತದೆಂದು ತಿಳಿಯುವುದು. ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ತಳದಲ್ಲಿ ತೂತು ಮಾಡಿದ ಲೋಟಕ್ಕೆ ಒದ್ದೆ ಬಟ್ಟೆ ಹಾಸಿ ತೂಗಿ, 100 ಗ್ರಾಂ ಮಣ್ಣು ತುಂಬಿ, ಮೇಲ್ಭಾಗ ಒದ್ದೆಯಾಗುವವರೆಗೆ ನೀರಿನಲ್ಲಿ ನಿಲ್ಲಿಸಿ, ಹನಿಯುವುದು ನಿಂತ ಮೇಲೆ ಮತ್ತೆ ತೂಗಿ. ಮಣ್ಣಿನ 100 ಗ್ರಾಂ ಕಳೆದ ಮೇಲೆ ಹೆಚ್ಚಿದ ತೂಕ 40 ಗ್ರಾಂ ಎಂದಾದರೆ ಅದರ ಶೇ 60, ಅಂದರೆ 24 ಮಿಲಿ ನೀರು, ಹದವಾದ ತೇವ. ಎರೆಮಣ್ಣು ಇದಕ್ಕಿಂತ ಹೆಚ್ಚು, ಮರಳು ಮಣ್ಣು ಕಡಿಮೆ ಹಿಡಿಯುತ್ತದೆ.

ಐದು ಅಗಲ ಬಾಯಿಯ ಬಾಟಲಿಗಳಿಗೆ ತಲಾ 100 ಗ್ರಾಂ ಒಣಮಣ್ಣು ಹಾಕಿ. ಮೂರಕ್ಕೆ ಹದದ ನೀರು, ಒಂದಕ್ಕೆ ಮಣ್ಣಿನ ಮೇಲೆ ನಿಲ್ಲುವಷ್ಟು ನೀರು. ಐದನೆಯದು ಒಣದಾಗಿಯೇ ಇರಲಿ. ಆರನೆಯದು ಖಾಲಿ: ಬಾಟಲಿಯ ಗಾಳಿಯಲ್ಲೇ ಇರುವ ಡೈಆಕ್ಸೈಡಿನ ಲೆಕ್ಕ ಅದರಿಂದ ಸಿಗುತ್ತದೆ. ಹದದ ಮೂರರಲ್ಲಿ ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಕೋಣೆಯಲ್ಲಿ, ಒಂದನ್ನು ಸುಮಾರು 35 ಡಿಗ್ರಿಯ ಬೆಚ್ಚನೆಯ ಜಾಗದಲ್ಲಿಡಿ. ಒಣಮಣ್ಣನ್ನೂ ಆ ಬೆಚ್ಚನೆಯ ಜಾಗದಲ್ಲೇ ಇಡಬೇಕು, ಉಳಿದೆರಡು ಕೋಣೆಯಲ್ಲಿರಲಿ. ಮೂರು ದಿನ ಮುಚ್ಚಳ ಸಡಿಲಾಗಿರಲಿ, ಆರಿದ ನೀರನ್ನು ತೂಗಿ ತುಂಬಿ. ನಾನು ಮೊದಲ ಸಲ ಕಾಯದೆ, ನೀರು ಹಾಕಿದ ದಿನವೇ ಅಳೆಯಲು ಹೊರಟು ಮೋಸಹೋಗಿದ್ದೆ, ಕಾರಣ ಕೊನೆಯಲ್ಲಿದೆ.

ನಾಲ್ಕನೆಯ ದಿನ ಪ್ರತಿಯೊಂದರಲ್ಲೂ 25 ಮಿಲಿ ಸುಣ್ಣದ ತಿಳಿಯ ಪುಟ್ಟ ಬಟ್ಟಲಿಟ್ಟು ಮುಚ್ಚಳ ಬಿಗಿಯಿರಿ. ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದ, ತಿಳಿಯ ಮೇಲೆ ಆರಿದ ಹಾಲಿನ ಕೆನೆಯಂಥ ತೆಳು ಪೊರೆ ಕಟ್ಟುತ್ತದೆ. ಕಡ್ಡಿ ತಾಗಿಸಿದರೆ ಚೂರಾಗಿ ತಳಕ್ಕಿಳಿಯುತ್ತದೆ. ಪೊರೆ ಯಾವುದರಲ್ಲಿ ಬೇಗ ಕಟ್ಟಿತು, ಯಾವುದರಲ್ಲಿ ದಪ್ಪವಾಯಿತು ಎಂದು ಗಂಟೆಗೊಮ್ಮೆ ಬರೆದಿಡಿ.

ಹದದ ಮೂರರಲ್ಲಿ ಬೆಚ್ಚಗಿನದು ಮುಂದೆ, ಫ್ರಿಜ್ಜಿನದು ಹಿಂದೆ ಇರುತ್ತವೆ. ಸಾಮಾನ್ಯ ಉಷ್ಣಾಂಶದ ಮಿತಿಯಲ್ಲಿ ಪ್ರತಿ 10 ಡಿಗ್ರಿಗೆ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ. ಒಣಮಣ್ಣಿನ ಬಟ್ಟಲು ಮಾತ್ರ, ಅದೇ ಶಾಖದಲ್ಲಿದ್ದರೂ, ಖಾಲಿ ಬಾಟಲಿಯದಕ್ಕಿಂತ ಹೆಚ್ಚೇನೂ ಬೆಳ್ಳಗಾಗದು: ನೀರಿನ ಪೊರೆಯಿಲ್ಲದೆ ಸೂಕ್ಷ್ಮಜೀವಿಗಳಿಗೆ ಆಹಾರ ತಲುಪುವುದಿಲ್ಲ. ನೀರು ನಿಂತದ್ದರಲ್ಲಿ ತೊಂದರೆ ತಿರುಗುಮುರುಗು. ಅನಿಲಗಳು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಆಮ್ಲಜನಕ ಒಳಗಿಳಿಯದು, ಡೈಆಕ್ಸೈಡ್ ಹೊರಬಾರದು.

ಈಗ ಒಣ ಬಾಟಲಿಗೂ ಹದದ ನೀರು ಹಾಕಿ, ಹೊಸ ತಿಳಿಯಿಟ್ಟು ಮುಚ್ಚಿ. ಅದರ ಪೊರೆ ಇಷ್ಟು ದಿನ ಹದವಾಗಿದ್ದ ಬೆಚ್ಚಗಿನ ಬಾಟಲಿಯನ್ನೂ ಮೀರಿಸುವುದುಂಟು. ಒಣಗಿದಾಗ ಸತ್ತ ಜೀವಿಗಳೂ ಬಿಡುಗಡೆಯಾದ ಸಾವಯವ ವಸ್ತುವೂ ಬದುಕುಳಿದವುಗಳಿಗೆ ದಿಢೀರ್ ಊಟವಾಗುತ್ತವೆ. ನೀರು ಹಾಕಿದ ದಿನವೇ ಅಳೆದು ನಾನು ಮೋಸಹೋದದ್ದು ಇದರಿಂದಲೇ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ ಬರ್ಚ್ ಅವರ ಹೆಸರಿನಲ್ಲೇ ಇದನ್ನು ಬರ್ಚ್ ಪರಿಣಾಮ ಎನ್ನುತ್ತಾರೆ. ಭರಣಿ ಮಳೆ ಬಿದ್ದ ಹೊಲದಲ್ಲಿ ನಡೆಯುವುದೂ ಇದೇ. ಆಗ ಇಂಗಾಲದ ಜೊತೆ ಸಾರಜನಕವೂ ಬಿಡುಗಡೆಯಾಗುತ್ತದೆ. ಹೀರಲು ಬೇರುಗಳಿಲ್ಲದ ಬರಿ ಹೊಲವಾದರೆ ಮುಂದಿನ ಜೋರು ಮಳೆಗೆ ಅದರಲ್ಲೊಂದು ಪಾಲು ಬಸಿದುಹೋಗುತ್ತದೆ.