ಹಿಟ್ಟಿನ ಹುಳುವಿನ ಜೀನೋಮ್‌ನಲ್ಲಿ ನಮ್ಟ್ ಹುಡುಕಿ ವಯಸ್ಸು ಅಂದಾಜಿಸುವ ಕ್ರಮ

ಮೈಟೊಕಾಂಡ್ರಿಯದ ಡಿಎನ್‌ಎ ತುಣುಕು ಕ್ರೋಮೋಸೋಮಿಗೆ ಸೇರಿಕೊಂಡರೆ ಅದು ನಮ್ಟ್. ಕ್ರೋಮೋಸೋಮಿನ ಎರಡೂ ಎಳೆ ಮುರಿದ ಜಾಗವನ್ನು ಕೋಶ ಬೆಸೆಯುವಾಗ ಇಂಥ ತುಣುಕುಗಳು ನಡುವೆ ಸಿಕ್ಕಿಕೊಳ್ಳುತ್ತವೆ. ಜೀರುಂಡೆಗಳಲ್ಲಿ ಈ ಕೆಲಸ ಕಲಿಯಲು ಕೆಂಪು ಹಿಟ್ಟಿನ ಹುಳು, ಟ್ರೈಬೋಲಿಯಂ ಕ್ಯಾಸ್ಟೇನಿಯಂ, ತುಂಬ ಅನುಕೂಲ. ಅದರ ಜೀನೋಮ್ 2008ರಲ್ಲೇ ಪ್ರಕಟವಾಗಿದೆ. ಮೈಟೊಕಾಂಡ್ರಿಯದ ಅನುಕ್ರಮ 15,881 ಬೇಸ್ (ಡಿಎನ್‌ಎಯ ಅಕ್ಷರ).

ಆ ಅನುಕ್ರಮ ವೃತ್ತಾಕಾರದ್ದು, ಫೈಲಿನಲ್ಲಿ ಮಾತ್ರ ಒಂದು ಕಡೆ ಕತ್ತರಿಸಿಟ್ಟಿರುತ್ತದೆ. ಆದ್ದರಿಂದ ಮೊದಲ 1,000 ಬೇಸ್‌ಗಳನ್ನು ಕೊನೆಗೂ ಅಂಟಿಸಿ, ಹೋಲುವ ತುಣುಕುಗಳನ್ನು ಜೀನೋಮ್‌ನಲ್ಲಿ ಹುಡುಕುವ ತಂತ್ರಾಂಶವಾದ ಬ್ಲಾಸ್ಟ್ ಓಡಿಸಿ. ಇಲ್ಲವಾದರೆ ಕತ್ತರಿಸಿದ ಜಾಗವನ್ನು ದಾಟುವ ನಮ್ಟ್ ಎರಡಾಗಿ ಕಾಣುತ್ತದೆ. ಬ್ಲಾಸ್ಟ್‌ನ ಡೀಫಾಲ್ಟ್ ಮೆಗಾಬ್ಲಾಸ್ಟ್, ವರ್ಡ್ ಸೈಜ್ (ಹುಡುಕಾಟ ಶುರುವಾಗಲು ಸತತವಾಗಿ ಹೊಂದಬೇಕಾದ ಬೇಸ್‌ಗಳ ಸಂಖ್ಯೆ) 28. ಹಳೆಯ ಪ್ರತಿಗಳು ಅದರ ಕಣ್ಣು ತಪ್ಪಿಸುತ್ತವೆ. ಬ್ಲಾಸ್ಟ್‌ಎನ್ ಟಾಸ್ಕ್, ವರ್ಡ್ ಸೈಜ್ 11, ಇ-ವ್ಯಾಲ್ಯೂ (ಆಕಸ್ಮಿಕವಾಗಿ ಸಿಗಬಹುದಾದ ಹೊಂದಾಣಿಕೆಗಳ ನಿರೀಕ್ಷಿತ ಸಂಖ್ಯೆ) 0.0001 ಇಡಿ. ಎ, ಟಿ ಬೇಸ್‌ಗಳೇ ತುಂಬಿದ ಕಂಟ್ರೋಲ್ ಭಾಗಕ್ಕೆ (ಮೈಟೊಕಾಂಡ್ರಿಯದ ಜೀನುಗಳಿಲ್ಲದ ಭಾಗ) ಮಾತ್ರ ಹೊಂದಿದ ಹಿಟ್‌ಗಳನ್ನು, ಅಂದರೆ ಬ್ಲಾಸ್ಟ್ ತೋರಿಸಿದ ಹೊಂದಾಣಿಕೆಗಳನ್ನು, ನಂಬಬೇಡಿ.

ಮುಂದಿನದು ಹಿಟ್‌ಗಳನ್ನು ಸೋಸುವುದು. ಜೀನೋಮ್ ಜೋಡಣೆಯಲ್ಲಿ ಮೈಟೊಕಾಂಡ್ರಿಯವೇ ಒಂದು ಕಾಂಟಿಗ್ (ಬಿಡುವಿಲ್ಲದೆ ಜೋಡಿಸಿದ ತುಂಡು) ಆಗಿ ಉಳಿದಿರಬಹುದು. ಅದರ ಮೇಲೆ ಬೀಳುವ ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ತುಂಡುಗಳ) ಆಳ, ಅಂದರೆ ಪ್ರತಿ ಬೇಸ್ ಎಷ್ಟು ಸಲ ಓದಲ್ಪಟ್ಟಿದೆ ಎಂಬುದು, ಉಳಿದವುಗಳಿಗಿಂತ ಹಲವು ಪಟ್ಟು ಇದ್ದರೆ ಅದನ್ನು ಕೈಬಿಡಿ. ಉಳಿದ ಪ್ರತಿ ನಮ್ಟ್‌ನ ಎರಡೂ ಅಂಚುಗಳನ್ನು ಕೆಲವಾದರೂ ಉದ್ದ ರೀಡ್‌ಗಳು ದಾಟಿರಬೇಕು. ಇದಿಲ್ಲದ ಪಟ್ಟಿಗೆ ಬೆಲೆಯಿಲ್ಲ.

ಹಿಟ್‌ಗಳ ಸಂಖ್ಯೆಯನ್ನೇ ನಮ್ಟ್‌ಗಳ ಸಂಖ್ಯೆ ಎಂದು ಬರೆಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಒಂದೇ ನಮ್ಟ್‌ನೊಳಗೆ ಆಮೇಲೆ ಟ್ರಾನ್ಸ್‌ಪೋಸಾನ್ (ಜೀನೋಮ್‌ನಲ್ಲಿ ಜಾಗ ಬದಲಿಸುವ ಡಿಎನ್‌ಎ) ನುಗ್ಗಿದರೆ ಎರಡು ಹಿಟ್ ಬರುತ್ತವೆ. ಒಂದೇ ಸ್ಕ್ಯಾಫೋಲ್ಡ್ (ಕಾಂಟಿಗ್‌ಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ತುಂಡು), ಒಂದೇ ದಿಕ್ಕು, ಮೈಟೊಕಾಂಡ್ರಿಯದ್ದೇ ಕ್ರಮ, ನಡುವೆ ಟ್ರಾನ್ಸ್‌ಪೋಸಾನ್: ಹೀಗಿದ್ದರೆ ಒಂದೆಂದೇ ಎಣಿಸಿ. ಎರಡು ಕಡೆ ಒಂದೇ ತುಣುಕಿದ್ದು ಅಕ್ಕಪಕ್ಕದ ಅನುಕ್ರಮವೂ ಹೊಂದಿದರೆ, ಅದು ಒಮ್ಮೆ ಸೇರಿ ನಂತರ ಇಮ್ಮಡಿಯಾದದ್ದು.

ಮೈಟೊಕಾಂಡ್ರಿಯದ ಸಿಒಐ ಜೀನಿನ ತುಣುಕುಗಳು ಕೆಟ್ಟಿವೆಯೇ ಎಂದು ನೋಡಲು ಅವನ್ನು ಅಕಶೇರುಕಗಳ ಮೈಟೊಕಾಂಡ್ರಿಯ ಕೋಡ್‌ನಲ್ಲಿ, ಅಂದರೆ ಜೆನೆಟಿಕ್ ಕೋಡ್‌ಗಳ ಪಟ್ಟಿಯ 5ನೇ ಕೋಷ್ಟಕದಲ್ಲಿ, ಓದಿ. ಅಲ್ಲಿ ಟಿಜಿಎ ಎಂದರೆ ಟ್ರಿಪ್ಟೊಫಾನ್. 1ನೇ ಕೋಷ್ಟಕದಲ್ಲಿ, ಅಂದರೆ ಸಾಮಾನ್ಯ ಕೋಡ್‌ನಲ್ಲಿ, ಓದಿದರೆ ಅಸಲಿ ಜೀನೂ ಸ್ಟಾಪ್ ಕೋಡಾನ್‌ಗಳಿಂದ (ಪ್ರೋಟೀನ್ ಅಲ್ಲಿಗೆ ನಿಲ್ಲಬೇಕೆಂಬ ಗುರುತುಗಳಿಂದ) ಕೆಟ್ಟಂತೆ ಕಾಣುತ್ತದೆ. ಸ್ಟಾಪ್ ಇಲ್ಲವೆಂದ ಮಾತ್ರಕ್ಕೆ ನಮ್ಟ್ ಅಲ್ಲ ಎನ್ನಲಾಗದು. ಈಚೆಗೆ ಸೇರಿದ್ದು ಇನ್ನೂ ಕೆಟ್ಟಿರುವುದಿಲ್ಲ.

ವಯಸ್ಸಿಗೆ ಶೇಕಡಾವಾರು ವ್ಯತ್ಯಾಸವನ್ನು ನೆಚ್ಚಬೇಡಿ. ಸೇರಿದ ಮೇಲಿನ ಬದಲಾವಣೆಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯದಲ್ಲೇ ಆಗಿರಬಹುದು. ಟ್ರೈಬೋಲಿಯಂ ಕನ್‌ಫ್ಯೂಸಮ್‌ನಂಥ ಹತ್ತಿರದ ಪ್ರಭೇದಗಳ ಮೈಟೊಕಾಂಡ್ರಿಯ ಅನುಕ್ರಮಗಳ ಜೊತೆ ವಂಶವೃಕ್ಷ ಕಟ್ಟಿ. ನಮ್ಟ್ ಎರಡೂ ಪ್ರಭೇದಗಳ ಕವಲಿನಿಂದ ಹೊರಗೆ ನಿಂತರೆ ಅವು ಬೇರೆಯಾಗುವ ಮೊದಲೇ ಸೇರಿರಬೇಕು. ಹಾಗಾದರೆ ಕನ್‌ಫ್ಯೂಸಮ್‌ನ ಅದೇ ಜಾಗದಲ್ಲೂ ಅದು ಸಿಗಬೇಕು. ಅಕ್ಕಪಕ್ಕದ ಜೀನುಗಳನ್ನು ಹಿಡಿದು ಜಾಗ ಗುರುತಿಸಿ. ಸಿಗದಿದ್ದರೆ ಜೋಡಣೆ ಅಲ್ಲಿ ಹರಿದಿದೆಯೇ ಎಂದು ಮೊದಲು ನೋಡಿ, ಆಮೇಲಷ್ಟೇ ಅಳಿದುಹೋಗಿದೆ ಎಂದು ಬರೆಯಿರಿ.