ಯೀಸ್ಟ್‌ನಿಂದ ಸಿಟ್ರಿಕ್ ಆಸಿಡ್: ಕಂಟಿನ್ಯೂಯಸ್ ಪ್ರೋಸೆಸ್‌ಗೆ ಪೇಟೆಂಟ್ ಹಾಕೋದು ಹೇಗೆ

ಸಿಟ್ರಿಕ್ ಆಸಿಡ್ ಅಂದ್ರೆ ಆಸ್ಪರ್ಜಿಲ್ಲಸ್ ನೈಜರ್ ಅನ್ನೋ ಕಪ್ಪು ಬೂಷ್ಟೇ ಎಲ್ರಿಗೂ ಮೊದ್ಲು ನೆನಪಾಗೋದು, ಆದ್ರೆ ಯೀಸ್ಟ್ ದಾರಿನೂ ಹೊಸದೇನಲ್ಲ. ಈಗ ಯಾರೋವಿಯಾ ಲಿಪೊಲಿಟಿಕಾ ಅಂತೀವಲ್ಲ, ಅದನ್ನ ಮುಂಚೆ ಕ್ಯಾಂಡಿಡಾ ಲಿಪೊಲಿಟಿಕಾ ಅಂತಿದ್ರು, ಮಧ್ಯೆ ಸ್ಯಾಕರೊಮೈಕಾಪ್ಸಿಸ್ ಅಂತಾನೂ ಇತ್ತು. ಹಳೇ ಪೇಟೆಂಟ್ ಹುಡುಕುವಾಗ ಮೂರೂ ಹೆಸ್ರು ಹಾಕಿ, ಇಲ್ಲಾಂದ್ರೆ ಎಷ್ಟೋ ಕಣ್ತಪ್ಪಿ ಹೋಗತ್ತೆ.

ಹಾಗಾಗಿ "ಯೀಸ್ಟ್ ಬಳಸಿ ನಿರಂತರವಾಗಿ ಸಿಟ್ರಿಕ್ ಆಸಿಡ್ ಮಾಡೋ ವಿಧಾನ" ಅಂತಷ್ಟೇ ಕ್ಲೇಮ್ (ಇಷ್ಟು ನನ್ನ ಹಕ್ಕು ಅಂತ ಅರ್ಜೀಲಿ ಹೇಳ್ಕೊಳ್ಳೋ ಭಾಗ) ಬರೆದ್ರೆ ನಿಲ್ಲಲ್ಲ. ಈ ಪ್ರೋಸೆಸ್‌ನ ಗಂಟು ಎಲ್ಲಿದೆ ನೋಡಿ: ನೈಟ್ರೋಜನ್ ಮುಗಿದ ಮೇಲೆ ಯೀಸ್ಟ್ ಬೆಳೆಯೋದು ನಿಲ್ಸತ್ತೆ, ಆಗ್ಲೇ ಆಸಿಡ್ ಬಿಡೋದು, ಆದ್ರೆ ಒಂದು ಕಡೆ ಫೀಡ್ (ಹೊಸ ಪೋಷಕ ದ್ರವ) ಹಾಕ್ತಾ ಇನ್ನೊಂದು ಕಡೆ ತೆಗೀತಾ ಇರೋ ಕಂಟಿನ್ಯೂಯಸ್ ಟ್ಯಾಂಕ್‌ನಲ್ಲಿ ಬೆಳೀದಿರೋ ಸೆಲ್‌ಗಳು ಬ್ರಾತ್ (ಟ್ಯಾಂಕ್‌ನೊಳಗಿನ ದ್ರವ) ಜೊತೆ ತೊಳ್ಕೊಂಡು ಹೊರಗೆ ಹೋಗ್ಬಿಡ್ತವೆ. ಇದನ್ನ ನೀವು ಹೇಗೆ ಬಿಡಿಸಿದ್ರಿ? ಮೆಂಬ್ರೇನ್ ಹಾಕಿ ಸೆಲ್ ವಾಪಸ್ ಕಳಿಸಿದ್ರಾ, ಬೆಳೆಯೋಕೆ ಒಂದು ಟ್ಯಾಂಕ್ ಆಸಿಡ್‌ಗೆ ಇನ್ನೊಂದು ಅಂತ ಮಾಡಿದ್ರಾ, ಫೀಡ್‌ನಲ್ಲಿ ನೈಟ್ರೋಜನ್ ಚೂರೇ ಚೂರು ಬಿಟ್ರಾ? ಅದೂ ಹಳೇ ದಾಖಲೆಗಳಲ್ಲಿ ಇಲ್ಲ ಅಂದ್ರೆ ಅದೇ ನಿಮ್ಮ ಕ್ಲೇಮ್, ಮಿಕ್ಕಿದ್ದೆಲ್ಲ ಹಿನ್ನೆಲೆ.

ಆಮೇಲೆ ಲೆಕ್ಕ. ಡೈಲ್ಯೂಷನ್ ರೇಟ್ (ಟ್ಯಾಂಕ್‌ನ ದ್ರವ ಗಂಟೆಗೆ ಎಷ್ಟು ಪಾಲು ಬದಲಾಗತ್ತೆ ಅನ್ನೋದು), ಫೀಡ್‌ನ ಸಕ್ಕರೆ ಮತ್ತು ನೈಟ್ರೋಜನ್, ಪಿಎಚ್, ಕರಗಿದ ಆಕ್ಸಿಜನ್, ಒಂದು ಲೀಟರ್‌ಗೆ ಗಂಟೆಗೆ ಎಷ್ಟು ಗ್ರಾಂ ಆಸಿಡ್, ಎಷ್ಟು ಗಂಟೆ ನಿಲ್ಲದೆ ಓಡ್ತು, ಎಲ್ಲಾ ತಾರೀಖಿನ ಸಮೇತ ನೋಟ್‌ಬುಕ್‌ನಲ್ಲಿರ್ಲಿ. ಸಿಟ್ರಿಕ್ ಜೊತೆಗೇ ಬರೋ ಬೇಡದ ಐಸೊಸಿಟ್ರಿಕ್ ಆಸಿಡ್ ಎಷ್ಟು ಬಂತು ಅಂತ ಬರೀದೆ ಬಿಡ್ಬೇಡಿ, ಯೀಸ್ಟ್‌ನಲ್ಲಿ ಅದೇ ದೊಡ್ಡ ತಲೆನೋವು, ಅದನ್ನ ಕಡಿಮೆ ಮಾಡಿದ್ದೀರಿ ಅಂದ್ರೆ ನಿಮ್ಮ ಕೇಸ್‌ಗೆ ಅದಕ್ಕಿಂತ ಬಲ ಇನ್ನೇನು ಬೇಕು. ನೀವು ಹೇಳೋ ರೇಂಜ್‌ನ ಒಳಗೆ ನಡೆಸಿದ ಪ್ರಯೋಗದ ಜೊತೆ ಹೊರಗೆ ನಡೆಸಿ ಕೆಟ್ಟದ್ದನ್ನೂ ಸ್ಪೆಸಿಫಿಕೇಷನ್‌ನಲ್ಲಿ (ಅರ್ಜಿಯ ವಿವರಣಾ ಪತ್ರ) ಕೊಡಿ, ವ್ಯತ್ಯಾಸ ಕಂಡ್ರೇನೇ ಅರ್ಜಿ ಪರೀಕ್ಷಿಸೋ ಎಕ್ಸಾಮಿನರ್‌ಗೆ ನಂಬಿಕೆ ಬರೋದು.

ಫೈಲ್ ಮಾಡೋ ತನಕ ಪೋಸ್ಟರ್, ಪೇಪರ್, ಥೀಸಿಸ್ ಯಾವ್ದೂ ಹೊರಗೆ ಬರ್ಬಾರ್ದು. ನನ್ ಜೊತೆ ಕೆಲ್ಸ ಮಾಡ್ತಿದ್ದ ಒಬ್ರು ಕಾನ್ಫರೆನ್ಸ್ ಅಬ್‌ಸ್ಟ್ರಾಕ್ಟ್‌ನಲ್ಲಿ ಎರಡೇ ಸಾಲು ಬರೆದಿದ್ರು, ಮುಖ್ಯ ನಂಬರ್ ಅದ್ರಲ್ಲೇ ಇತ್ತು, ಎರಡು ವರ್ಷದ ಶ್ರಮ ನೀರಲ್ಲಿ ಹೋಯ್ತು, ಇವತ್ತಿಗೂ ನೆನಪಾದ್ರೆ ಹೊಟ್ಟೆ ಉರಿಯತ್ತೆ. ಪೂರ್ತಿ ಡೇಟಾ ಇನ್ನೂ ಬಂದಿಲ್ಲ ಅಂದ್ರೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, ಕಂಪ್ಲೀಟ್ ಸ್ಪೆಸಿಫಿಕೇಷನ್‌ಗೆ 12 ತಿಂಗಳು ಟೈಮ್ ಸಿಗತ್ತೆ.

ಯೀಸ್ಟ್‌ನ ಸ್ಟ್ರೇನ್ (ತಳಿ) ನಿಮ್ಮದೇ, ಬೇರೆಯವ್ರಿಗೆ ಸಿಗಲ್ಲ, ಬರೀ ಬರಹದಲ್ಲಿ ವಿವರಿಸೋಕೂ ಆಗಲ್ಲ ಅಂದ್ರೆ ಅರ್ಜಿ ಹಾಕೋ ದಿನದೊಳಗೆ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಇರೋ ಡೆಪಾಸಿಟರಿಗೆ (ಪೇಟೆಂಟ್‌ಗಾಗಿ ಸೂಕ್ಷ್ಮಜೀವಿಗಳನ್ನ ಕಾಪಾಡಿಡೋ ಸಂಸ್ಥೆ) ಕೊಟ್ಟಿರ್ಬೇಕು, ಚಂಡೀಗಢದ ಎಂಟಿಸಿಸಿ ಅಂಥದ್ದೇ ಒಂದು. ಯೀಸ್ಟ್‌ನ ನಮ್ಮ ದೇಶದ ಮಣ್ಣಿಂದಲೋ ಹಣ್ಣಿಂದಲೋ ತೆಗೆದಿದ್ರೆ ಜೀವವೈವಿಧ್ಯ ಕಾಯ್ದೆ ಪ್ರಕಾರ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕೆಲ್ಸನೂ ಪೇಟೆಂಟ್ ಕೈಗೆ ಬರೋ ಮುಂಚೆ ಮುಗೀಬೇಕು, ಇದನ್ನ ಎಷ್ಟೋ ಜನ ಮರೀತಾರೆ.

ಕರ್ನಾಟಕದವ್ರ ಅರ್ಜಿ ಚೆನ್ನೈ ಪೇಟೆಂಟ್ ಆಫೀಸ್‌ಗೆ ಹೋಗತ್ತೆ, ಆನ್‌ಲೈನಲ್ಲೇ ಹಾಕ್ಬಹುದು. ಫಾರ್ಮ್ 1, 2, 3, 5 ಕೊಟ್ಟು ಸುಮ್ನೆ ಕೂತ್ರೆ ಯಾರೂ ಪರೀಕ್ಷೆ ಮಾಡಲ್ಲ, ಫಾರ್ಮ್ 18 ಬೇರೆ ಹಾಕ್ಬೇಕು. 2024ರ ತಿದ್ದುಪಡಿ ಆದ್ಮೇಲೆ ಅದಕ್ಕೆ 48 ತಿಂಗಳ ಬದಲು 31 ತಿಂಗಳಷ್ಟೇ ಇರೋದು, ಕ್ಯಾಲೆಂಡರ್‌ನಲ್ಲಿ ಇವತ್ತೇ ಗುರುತು ಹಾಕಿಟ್ಕೊಳ್ಳಿ.