ರಾಯನಿಗೆ ಕಿರೀಟ ಯಾಕೆ ಬಿಡಿಸಲಿಲ್ಲ

ಮಕ್ಕಳಿಗಾಗಿ ನಾನೊಂದು ಚಿತ್ರಕಥೆ ಬಿಡಿಸುತ್ತಿದ್ದೇನೆ. ಕೃಷ್ಣದೇವರಾಯನ ಕಾಲದ ವಿಜಯನಗರದಲ್ಲಿ ನಡೆಯುವ ಕಥೆ. ಮುಖ್ಯ ಪಾತ್ರ ಕುದುರೆ ಲಾಯದಲ್ಲಿ ದುಡಿಯುವ ಬೊಮ್ಮ ಎಂಬ ಹುಡುಗ. ಜೊತೆಗೆ ಹೂ ಮಾರುವ ಅಜ್ಜಿ, ಕುದುರೆ ತಂದ ಅರಬ್ ವ್ಯಾಪಾರಿ, ಮತ್ತೆ ರಾಯ. ಈ ನಾಲ್ವರ ಸ್ಕೆಚ್‌ಗಳನ್ನು ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ರಾಯನ ಕಿರೀಟ ಎಲ್ಲಿ?

ನಮ್ಮ ಕಣ್ಣಲ್ಲಿ ಕೂತಿರುವ ರಾಯ ಕಂಪನಿ ನಾಟಕದಿಂದ, ಸಿನಿಮಾದಿಂದ ಬಂದವನು. ಎತ್ತರದ ಆಳು, ಹುರಿ ಮೀಸೆ, ಫಳಫಳ ಹೊಳೆಯುವ ಕಿರೀಟ. ಆದರೆ ಅವನನ್ನು ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರಲ್ವಾ? ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಅವನು ಕಂಡ ರಾಯನದು ಸಾಧಾರಣ ಎತ್ತರ, ತೆಳುವಿಗಿಂತ ದಪ್ಪ ಅನ್ನಬಹುದಾದ ಮೈ, ಮುಖದಲ್ಲಿ ಸಿಡುಬಿನ ಕಲೆ. ದಿನಾ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಬೆವರು ಇಳಿಯುವ ತನಕ ಕತ್ತಿ ತಿರುಗಿಸುತ್ತಿದ್ದನಂತೆ. ಆಮೇಲೆ ಜಟ್ಟಿಯ ಜೊತೆ ಕುಸ್ತಿ. ಅದಾದ ಮೇಲೆ ಕುದುರೆ ಸವಾರಿ.

ವ್ಯಂಗ್ಯಚಿತ್ರ ಬಿಡಿಸುವವನಿಗೆ ಇದಕ್ಕಿಂತ ಒಳ್ಳೆಯ ವಿವರ ಸಿಗುವುದಿಲ್ಲ. ಕುಸ್ತಿಯವನ ಮೈ ನನಗೆ ಗೊತ್ತು, ಗರಡಿಯಲ್ಲಿ ಕೂತು ಎಷ್ಟೋ ಸಲ ಬಿಡಿಸಿದ್ದೇನೆ. ಮೋಟು ಕತ್ತು, ಇಳಿಜಾರು ಹೆಗಲು, ದಪ್ಪ ತೊಡೆ, ಗಟ್ಟಿ ಹೊಟ್ಟೆ. ನಿಂತರೆ ಭಾರವೆಲ್ಲ ಪಾದಕ್ಕೆ ಇಳಿದಿರುತ್ತದೆ. ನನ್ನ ರಾಯ ಹಾಗೇ ನಿಲ್ಲುತ್ತಾನೆ. ಮುಖ ದೊಡ್ಡದಾಗಿ ಬರುವ ಚೌಕಟ್ಟುಗಳಲ್ಲಿ ಕೆನ್ನೆಯ ಮೇಲೆ ನಾಲ್ಕೈದು ಚುಕ್ಕೆ ಇಟ್ಟಿದ್ದೇನೆ. ಅದನ್ನು ತೆಗೆದುಬಿಡಿ, ರಾಜನ ಮುಖ ಚೆನ್ನಾಗಿರಲಿ ಅಂದವರಿದ್ದಾರೆ. ನಾನು ತೆಗೆಯುವುದಿಲ್ಲ. ಕಲೆ ಇರುವ ಮುಖ ರಾಜನದೂ ಆಗಿತ್ತು ಅಂತ ಮಕ್ಕಳಿಗೆ ಗೊತ್ತಾಗಬೇಕು.

ಉಡುಪನ್ನೂ ಪಾಯೆಸ್ ಹೇಳುತ್ತಾನೆ. ಚಿನ್ನದ ಗುಲಾಬಿಗಳ ಕಸೂತಿ ಇರುವ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ತಲೆಗೆ ಜರಿ ಬಟ್ಟೆಯ ಟೋಪಿ. ಕಾಲು ಬರಿಗಾಲು! ಈ ಎತ್ತರದ ಟೋಪಿಯೇ ಕುಲ್ಲಾಯಿ. ತಿರುಮಲೆಯ ದೇವಸ್ಥಾನದಲ್ಲಿ ರಾಯ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಮೂರ್ತಿ ಇದೆ. ಅಲ್ಲೂ ತಲೆಯ ಮೇಲಿರುವುದು ಕುಲ್ಲಾಯಿಯೇ. ಚಿತ್ರದಲ್ಲಿ ಇದರಿಂದ ನನಗೊಂದು ಅನುಕೂಲ ಆಯಿತು. ಸಾಧಾರಣ ಎತ್ತರದ, ಅಗಲ ಮೈಯ ಮನುಷ್ಯನ ತಲೆಯ ಮೇಲೆ ಉದ್ದ ಟೋಪಿ ಬಂದರೆ, ಗುಂಪಿನ ನಡುವೆಯೂ ಅವನೇ ಮೊದಲು ಕಾಣುತ್ತಾನೆ.

ಬೊಮ್ಮನ ಉಡುಪು ಅವನ ಕೆಲಸದಿಂದ ಹುಟ್ಟಿತು. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಂಗಸರ ಸಾಲು ಸಾಲು ಮೆರವಣಿಗೆ ಇದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಲ್ಲಿ ಹೋದರೆ ಗೆರೆಗಳು ಚೆನ್ನಾಗಿ ಏಳುತ್ತವೆ. ಆ ಗುಡಿ 15ನೇ ಶತಮಾನದ ಆರಂಭದ್ದು, ನನ್ನ ಕಥೆಗಿಂತ ನೂರು ವರ್ಷ ಹಳೆಯದು. ಹಾಗಾಗಿ ಅರಮನೆಯವರ ಉಡುಪಿಗೆ ಅದನ್ನು ನೆಚ್ಚಲಿಲ್ಲ. ದುಡಿಯುವವರ ಬಟ್ಟೆ ಅಷ್ಟು ಬೇಗ ಬದಲಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಬೊಮ್ಮನಿಗೆ ಮಂಡಿಯ ಮೇಲೆ ನಿಲ್ಲುವ ಕಚ್ಚೆ, ಸೊಂಟಕ್ಕೆ ಸುತ್ತಿದ ಹಗ್ಗ, ತಲೆಗೊಂದು ವಸ್ತ್ರ. ಹಗ್ಗ, ವಸ್ತ್ರ ಎರಡೂ ನನ್ನ ಕಲ್ಪನೆ. ವಸ್ತ್ರ ಸುಮ್ನೆ ಅಲಂಕಾರಕ್ಕಲ್ಲ. ಅದರಲ್ಲಿ ಕುದುರೆಯ ಬೆವರು ಒರೆಸುತ್ತಾನೆ, ಹುಲ್ಲು ಕಟ್ಟುತ್ತಾನೆ, ಅಳು ಬಂದರೆ ಮುಖ ಮುಚ್ಚಿಕೊಳ್ಳುತ್ತಾನೆ. ಉಡುಪಿನ ಒಂದು ತುಂಡು ಹೀಗೆ ಕಥೆಯಲ್ಲಿ ಕೈಕೆಲಸಕ್ಕೆ ಬಂದರೆ ಪಾತ್ರ ತಾನಾಗಿ ಓಡಾಡತೊಡಗುತ್ತದೆ.

ಕಚ್ಚೆಯನ್ನು ಕಲ್ಲು ನೋಡಿ ಮಾತ್ರ ಬಿಡಿಸಲು ಆಗದು. ತಮ್ಮನಿಗೆ ಪಂಚೆ ಕಟ್ಟಿಸಿ, ಕೂರಿಸಿ, ಓಡಿಸಿ, ಬಗ್ಗಿಸಿ ಫೋಟೊ ತೆಗೆದುಕೊಂಡೆ. ನೆರಿಗೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಜೋಲುತ್ತದೆ ಅನ್ನುವುದು ಆಗಲೇ ತಿಳಿಯುವುದು.

ಅಜ್ಜಿ ಬಂದಿದ್ದು ಲೇಪಾಕ್ಷಿಯಿಂದ. ಹಿಂದೂಪುರದ ಹತ್ತಿರ ಇರುವ ವೀರಭದ್ರ ಗುಡಿಯ ಚಾವಣಿಯಲ್ಲಿ, ರಾಯನ ನಂತರ ಆಳಿದ ಅಚ್ಯುತರಾಯನ ಕಾಲದ ಚಿತ್ರಗಳಿವೆ. ಅಲ್ಲಿನ ಹೆಂಗಸರ ಸೀರೆಗಳಲ್ಲಿ ಗೆರೆ, ಚೌಕ, ಹೂವು ಏನುಂಟು ಏನಿಲ್ಲ! ಕತ್ತೆತ್ತಿ ನೋಡಿ ನೋಡಿ ನೋವು ಬಂದರೂ ಹೊರಡಲು ಮನಸ್ಸಾಗಲಿಲ್ಲ. ಆದರೆ ಅಷ್ಟನ್ನೂ ತುಂಬಿದರೆ ಎರಡು ಇಂಚಿನ ಚಿತ್ರದಲ್ಲಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಅಜ್ಜಿಗೆ ಒಂದು ದಪ್ಪ ಅಂಚು, ಒಂದು ದೊಡ್ಡ ತುರುಬು, ಅಷ್ಟೇ. ಬುಟ್ಟಿಯಲ್ಲಿ ಗುಲಾಬಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಆ ಊರಿನವರು ಗುಲಾಬಿ ಇಲ್ಲದೆ ಬದುಕಲಾರರು ಎಂದು ಬರೆದಿದ್ದಾನೆ.

ಬಣ್ಣಗಳೂ ಲೇಪಾಕ್ಷಿಯವೇ: ಕಾವಿ, ಹಳದಿ, ಕಪ್ಪು, ಸುಣ್ಣದ ಬಿಳಿ, ಸ್ವಲ್ಪ ಹಸಿರು. ನೀಲಿಯನ್ನು ವ್ಯಾಪಾರಿಯ ನಿಲುವಂಗಿಗೆ ಮಾತ್ರ ಇಟ್ಟುಕೊಂಡೆ. ಸಮುದ್ರ ದಾಟಿ ಬಂದವನು ಪುಟ ತೆರೆದ ತಕ್ಷಣ ಬೇರೆಯಾಗಿ ಕಾಣಲಿ ಅಂತ.

ಕೊನೆಗೆ ನಾಲ್ವರನ್ನೂ ಪಕ್ಕ ಪಕ್ಕ ನಿಲ್ಲಿಸಿ, ಒಳಗೆಲ್ಲ ಕಪ್ಪು ಮಸಿ ತುಂಬಿ ಗೋಡೆಗೆ ಅಂಟಿಸಿದೆ. ದೂರದಿಂದ ಹೊರಗೆರೆಯಲ್ಲೇ ಗುರುತು ಸಿಗಬೇಕು. ಕುಲ್ಲಾಯಿ, ತುರುಬು, ಅಗಲ ನಿಲುವಂಗಿ, ತಲೆವಸ್ತ್ರದ ಜೋಲುವ ತುದಿ, ನಾಲ್ಕೂ ಸಿಕ್ಕವು. ಈಗ ಪ್ರತಿ ಪಾತ್ರದ ಬೆನ್ನಿನ ಕಡೆಯ ಹಾಳೆ ತಯಾರಾಗುತ್ತಿದೆ. ಕಚ್ಚೆ ಸಿಕ್ಕಿಸುವುದು, ತುರುಬಿಗೆ ಹೂ ಮುಡಿಸುವುದು, ಹಗ್ಗದ ಗಂಟು ಬರುವುದು ಎಲ್ಲ ಹಿಂದೆಯೇ. ಅದು ಮುಗಿದ ಮೇಲೆ ಮೊದಲ ಪುಟಕ್ಕೆ ಮಸಿ ಹಾಕುತ್ತೇನೆ.